ಬಿತ್ತದೆ ಬಿಟ್ಟ ಹೊಲ: ಇಂಡಿಯನ್ ಹೆಡ್ ಎಂಬ ಪ್ರೇರಿ ಊರು

ಭೂಗೋಳದ ಪಠ್ಯಗಳಲ್ಲಿ ಪ್ರೇರಿಗೆ ಸಿಗುವುದು ಒಂದೇ ಸಾಲು: ಸಮಶೀತೋಷ್ಣ ಹುಲ್ಲುಗಾವಲು, ಗೋಧಿಯ ಕಣಜ. ಅದನ್ನು ಎಷ್ಟು ಸಲ ಬಾಯಿಪಾಠ ಮಾಡಿದರೂ ನನಗೆ ಪ್ರೇರಿ ಕಣ್ಣಿಗೆ ಕಟ್ಟಲಿಲ್ಲ. ಕಟ್ಟಿದ್ದು ಒಂದು ಊರನ್ನು ಹಿಡಿದು ಕುಳಿತ ಮೇಲೆ. ಆ ಊರು ಇಂಡಿಯನ್ ಹೆಡ್. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ, ರಾಜಧಾನಿ ರೆಜೈನಾದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. 2016ರ ಜನಗಣತಿಯಲ್ಲೂ ಅಲ್ಲಿದ್ದವರು ಎರಡು ಸಾವಿರಕ್ಕಿಂತ ಕಡಿಮೆ. ಹೆಸರಿನಲ್ಲಿರುವ 'ಇಂಡಿಯನ್' ಅಲ್ಲಿನ ಮೂಲನಿವಾಸಿಗಳನ್ನು ಕುರಿತದ್ದು. ನಮ್ಮ ದೇಶದ ನಂಟು ಬೇರೆಡೆ ಇದೆ, ಮುಂದೆ ಬರುತ್ತದೆ.

ಮೊದಲು ನೀರಿನ ಲೆಕ್ಕ. ಇಲ್ಲಿ ವರ್ಷಕ್ಕೆ ಮಳೆ ಮತ್ತು ಹಿಮ ಎರಡೂ ಸೇರಿ 400 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ನಮ್ಮ ವಿಜಯಪುರಕ್ಕೂ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಇಬ್ಬನಿ ಹೆಪ್ಪುಗಟ್ಟದ ದಿನಗಳು ನೂರಕ್ಕಿಂತ ತುಸು ಹೆಚ್ಚು, ಅಷ್ಟೇ. ಬಿತ್ತಿ, ಬೆಳೆದು, ಕೊಯ್ಯುವುದೆಲ್ಲ ಅಷ್ಟರೊಳಗೆ ಮುಗಿಯಬೇಕು. ಮಣ್ಣು ಮಾತ್ರ ಉದಾರಿ: ಹಿಮಯುಗದ ಸರೋವರದ ತಳದಲ್ಲಿ ಕೂತ ಜಿಗುಟು ಜೇಡಿ, ನೀರನ್ನು ಹಿಡಿದಿಡುವ ಗುಣದಲ್ಲಿ ನಮ್ಮ ಎರೆಭೂಮಿಯ ದಾಯಾದಿ.

ಕೆನಡಿಯನ್ ಪೆಸಿಫಿಕ್ ರೈಲು ಇಲ್ಲಿಗೆ ಬಂದದ್ದು 1882ರಲ್ಲಿ. ಅದರ ಬೆನ್ನಿಗೇ ಮೇಜರ್ ವಿಲಿಯಂ ಬೆಲ್ ಎಂಬುವವರು 50,000 ಎಕರೆಗೂ ಹೆಚ್ಚು ನೆಲದಲ್ಲಿ ಕಂಪನಿ ಕೃಷಿ ಆರಂಭಿಸಿದರು. ಬೆಲ್ ಫಾರ್ಮ್ ಬಹುಕಾಲ ಬಾಳಲಿಲ್ಲ. ಅದರ ದುಂಡನೆಯ ಕಲ್ಲಿನ ಕೊಟ್ಟಿಗೆಯನ್ನು ಈಚೆಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಉಳಿದ ವಲಸಿಗರಿಗೆ 1872ರ ಡೊಮಿನಿಯನ್ ಭೂ ಕಾಯಿದೆ ಅನ್ವಯಿಸುತ್ತಿತ್ತು. ಹತ್ತು ಡಾಲರ್ ಶುಲ್ಕ ಕಟ್ಟಿ, ಮೂರು ವರ್ಷ ಅಲ್ಲೇ ವಾಸವಿದ್ದು ಉತ್ತು ತೋರಿಸಿದರೆ 160 ಎಕರೆ ಸ್ವಂತ. ಪ್ರೇರಿಯ ನಕ್ಷೆ ಚದುರಂಗದ ಹಾಸಿನಂತೆ ಕಾಣುವುದು ಈ ಅಳತೆಯಿಂದಲೇ: ಒಂದು ಚದರ ಮೈಲಿಯ 36 ಸೆಕ್ಷನ್ ಸೇರಿ ಒಂದು ಟೌನ್‌ಶಿಪ್, ಸೆಕ್ಷನ್ನಿನ ಕಾಲುಭಾಗ ಒಂದು ಮನೆತನಕ್ಕೆ.

ಈಗ ಈ ಟಿಪ್ಪಣಿಯ ಮುಖ್ಯ ಭಾಗ. 1885ರ ವಸಂತದಲ್ಲಿ ವಾಯುವ್ಯ ಪ್ರದೇಶದ (ಆಗ ಈ ಸೀಮೆಯೂ ಅದರಲ್ಲೇ ಸೇರಿತ್ತು) ಮೆಟೀಸ್ ಜನ, ಅಂದರೆ ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಸಂತತಿಯವರು, ಮತ್ತು ಮೂಲನಿವಾಸಿಗಳಾದ ಕೆಲವು ಕ್ರೀ ಪಂಗಡಗಳು ಸರ್ಕಾರದ ವಿರುದ್ಧ ಎದ್ದವು. ಸೈನ್ಯದ ಸಾಮಾನು ಸಾಗಿಸಲು ಇಂಡಿಯನ್ ಹೆಡ್ಡಿನ ರೈತರ ಕುದುರೆಗಳು, ಬಂಡಿಗಳು ಬಾಡಿಗೆಗೆ ಹೋದವು. ಅವು ಮರಳುವ ವೇಳೆಗೆ ಬಿತ್ತನೆಯ ಹದ ಮೀರಿತ್ತು. ಆಂಗಸ್ ಮೆಕೇ ಎಂಬ ರೈತ ಬಿತ್ತಲಾಗದ ಹೊಲವನ್ನು ಬೇಸಿಗೆಯಲ್ಲಿ ಉತ್ತು ಹಾಗೆಯೇ ಬಿಟ್ಟರು. ಮರುವರ್ಷ, 1886ರಲ್ಲಿ, ಭೀಕರ ಬರ. ಸುತ್ತಲಿನ ಪೈರು ಒಣಗಿ ನಿಂತಿದ್ದಾಗ ಆ ಬೀಳು ಹೊಲದಲ್ಲಿ ಮಾತ್ರ ಗೋಧಿ ತೂಗಿತು. ಹಿಂದಿನ ವರ್ಷದ ತೇವವನ್ನು ಮಣ್ಣು ಉಳಿಸಿಕೊಂಡಿತ್ತು.

ವಿಜಯಪುರದ ಎರೆಹೊಲದಲ್ಲಿ ಮುಂಗಾರಿನ ಹಸಿಯನ್ನು ಕಾಯ್ದಿಟ್ಟು ಹಿಂಗಾರಿ ಜೋಳ ಬಿತ್ತುವುದನ್ನು ನೋಡಿದವರಿಗೆ ಇದರ ತರ್ಕ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಕಾಲಾವಧಿಯಲ್ಲಿದೆ: ನಮ್ಮಲ್ಲಿ ಒಂದು ಹಂಗಾಮು, ಅಲ್ಲಿ ಇಡೀ ವರ್ಷ. ಕಳೆ ಏಳದಂತೆ ಬೇಸಿಗೆಯುದ್ದಕ್ಕೂ ಹೊಲವನ್ನು ಹರಗುತ್ತಲೇ ಇರಬೇಕು. ಇದಕ್ಕೆ ಅಲ್ಲಿಯವರು ಇಟ್ಟ ಹೆಸರು ಸಮ್ಮರ್‌ಫ್ಯಾಲೋ, ಬೇಸಿಗೆ ಬೀಳು. 1886ರಲ್ಲೇ ಕೆನಡಾ ಸರ್ಕಾರ ಪ್ರಾಯೋಗಿಕ ಕೃಷಿ ಕ್ಷೇತ್ರಗಳ ಕಾಯಿದೆ ತಂದಿತು. ಆಗ ಆರಂಭವಾದ ಐದು ಕ್ಷೇತ್ರಗಳಲ್ಲಿ ಇಂಡಿಯನ್ ಹೆಡ್ ಒಂದು, ಅದರ ಮೊದಲ ಮೇಲ್ವಿಚಾರಕ ಇದೇ ಮೆಕೇ. ಅವರ ಮಾತಿನ ಬಲದಿಂದ ಬೀಳು ಪದ್ಧತಿ ಇಡೀ ಪ್ರೇರಿಗೆ ಹಬ್ಬಿತು.

ಭಾರತದ ನಂಟು ಇರುವುದು ಈ ಕ್ಷೇತ್ರದಲ್ಲಿಯೇ. ಆಗಿನ ರೆಡ್ ಫೈಫ್ ಗೋಧಿ ಒಳ್ಳೆಯ ಹಿಟ್ಟಿನದು, ಆದರೆ ತಡವಾಗಿ ಮಾಗುತ್ತಿದ್ದರಿಂದ ಶರತ್ಕಾಲದ ಹಿಮಕ್ಕೆ ಸಿಕ್ಕಿ ಹಾಳಾಗುತ್ತಿತ್ತು. ಬೇಗ ಮಾಗುವ ಗುಣಕ್ಕಾಗಿ ಸಾಂಡರ್ಸ್ ಮನೆತನದ ತಳಿವಿಜ್ಞಾನಿಗಳು ಅದನ್ನು ಭಾರತದಿಂದ ಹೋದ 'ಹಾರ್ಡ್ ರೆಡ್ ಕಲ್ಕತ್ತಾ' ಗೋಧಿಯೊಂದಿಗೆ ಸಂಕರ ಮಾಡಿದರು. ಆ ಸಂತತಿಯಿಂದ ಚಾರ್ಲ್ಸ್ ಸಾಂಡರ್ಸ್ ಆರಿಸಿದ ತಳಿಯೇ ಮಾರ್ಕ್ವಿಸ್. 1907ರಲ್ಲಿ ಅದನ್ನು ಇಂಡಿಯನ್ ಹೆಡ್ಡಿನಲ್ಲಿ ಬೆಳೆದು ಪರೀಕ್ಷಿಸಿದರು. ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮೊದಲೇ ಮಾಗಿತು. ನೂರು ದಿನಗಳ ಬೇಸಾಯದಲ್ಲಿ ಒಂದು ವಾರವೆಂದರೆ ಎಷ್ಟು ದೊಡ್ಡದು, ಯೋಚಿಸಿ ನೋಡಿ. 1920ರ ಹೊತ್ತಿಗೆ ಪ್ರೇರಿಯ ಗೋಧಿಯಲ್ಲಿ ಬಹುಪಾಲು ಮಾರ್ಕ್ವಿಸ್ ಆಗಿತ್ತು.

ಬೆಳೆದದ್ದನ್ನು ಮಾರುವ ಪಾಡು ಬೇರೆಯೇ. 1901ರಲ್ಲಿ ಭರ್ಜರಿ ಫಸಲು ಬಂತು, ಸಾಗಿಸಲು ರೈಲಿನ ವ್ಯಾಗನ್‌ಗಳಿಲ್ಲ. ಇದ್ದ ವ್ಯಾಗನ್‌ಗಳು ಎಲಿವೇಟರ್ ಕಂಪನಿಗಳ ಪಾಲಾಗುತ್ತಿದ್ದವು. (ಎಲಿವೇಟರ್ ಎಂದರೆ ಹಳಿಯ ಪಕ್ಕದಲ್ಲಿ ನಿಲ್ಲುತ್ತಿದ್ದ, ಕಾಳನ್ನು ಮೇಲೆತ್ತಿ ತುಂಬಿಡುವ ಎತ್ತರದ ಮರದ ಉಗ್ರಾಣ.) ಸ್ವಂತ ಕಾಳನ್ನು ತಾನೇ ವ್ಯಾಗನ್ನಿಗೆ ತುಂಬಬೇಕೆಂದ ರೈತ ಕಾಯುತ್ತ ಕೂರಬೇಕಿತ್ತು. ಆ ಡಿಸೆಂಬರಿನಲ್ಲಿ ಅಬರ್ನಥಿಯ ರೈತ ಡಬ್ಲ್ಯು. ಆರ್. ಮದರ್‌ವೆಲ್ ಮುಂದಾಳುತನದಲ್ಲಿ ಇಂಡಿಯನ್ ಹೆಡ್ಡಿನಲ್ಲಿ ಸಭೆ ಸೇರಿತು, ಟೆರಿಟೋರಿಯಲ್ ಗ್ರೇನ್ ಗ್ರೋವರ್ಸ್ ಅಸೋಸಿಯೇಷನ್ ಹುಟ್ಟಿತು. ಕೇಳಿದವರ ಸರದಿಯಂತೆಯೇ ವ್ಯಾಗನ್ ಹಂಚಬೇಕೆಂದು 1902ರಲ್ಲಿ ಕಾನೂನು ತಿದ್ದುಪಡಿಯಾಯಿತು. ರೈಲು ಕಂಪನಿ ಅದನ್ನು ಪಾಲಿಸದಿದ್ದಾಗ ಪಕ್ಕದ ಸಿಂಟಲೂಟಾ ನಿಲ್ದಾಣದ ಏಜೆಂಟನ ಮೇಲೆ ಮೊಕದ್ದಮೆ ಹೂಡಿ ರೈತರು ಗೆದ್ದರು. ತೀರ್ಪು ಸುಪ್ರೀಂ ಕೋರ್ಟಿನವರೆಗೂ ನಿಂತಿತು. ಅದೇ ಸಿಂಟಲೂಟಾದ ಇ. ಎ. ಪಾರ್ಟ್ರಿಜ್ 1906ರಲ್ಲಿ ರೈತರದ್ದೇ ಧಾನ್ಯ ಕಂಪನಿ ಕಟ್ಟಲು ಮುಂದಾದರು. ಮದರ್‌ವೆಲ್ 1905ರಲ್ಲಿ ಸಸ್ಕಾಚೆವಾನಿನ ಮೊದಲ ಕೃಷಿ ಸಚಿವರಾದರು. ಮೂರು ಪುಟ್ಟ ಊರುಗಳ ಜನ ಇಷ್ಟನ್ನು ಸಾಧಿಸಿದ್ದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಆದರೆ ಆ ನೆಲ ಖಾಲಿ ಇರಲಿಲ್ಲ. ಇದನ್ನು ಅಡಿಟಿಪ್ಪಣಿಗೆ ತಳ್ಳುವ ಪುಸ್ತಕಗಳ ಬಗ್ಗೆ ನನಗೆ ತಕರಾರಿದೆ. ಉತ್ತರಕ್ಕಿರುವ ಕಪೆಲ್ ಕಣಿವೆಯಲ್ಲಿ 1874ರ ಸೆಪ್ಟೆಂಬರಿನಲ್ಲಿ ಕ್ರೀ, ಸಾಲ್ಟೋ ಮುಂತಾದ ಮೂಲನಿವಾಸಿ ಜನರೊಂದಿಗೆ ಸರ್ಕಾರದ ನಾಲ್ಕನೇ ಒಪ್ಪಂದ (ಟ್ರೀಟಿ 4) ಆಯಿತು. ನೇಗಿಲು, ಎತ್ತು, ಬೀಜ ಕೊಡುವ ಮಾತು ಅದರಲ್ಲಿತ್ತು. ಮೀಸಲು ನೆಲದಲ್ಲಿ ಅವರು ಬೇಸಾಯ ಕಲಿತು ಬೆಳೆ ತೆಗೆಯತೊಡಗಿದಾಗ, 1889ರಿಂದ ಹೇಟರ್ ರೀಡ್ ಎಂಬ ಅಧಿಕಾರಿ ಯಂತ್ರಗಳನ್ನು ಬಿಟ್ಟು ಕೈ ಉಪಕರಣಗಳಲ್ಲೇ ದುಡಿಯಬೇಕೆಂಬ ನೀತಿ ತಂದರು. ಬೆಳೆ ಮಾರಲು ಪರವಾನಗಿ ಚೀಟಿ ಬೇಕಿತ್ತು. ಬೇಲಿಯ ಒಂದು ಬದಿಯಲ್ಲಿ ಯಂತ್ರದ ಕೊಯ್ಲು, ಇನ್ನೊಂದು ಬದಿಯಲ್ಲಿ ಕುಡುಗೋಲು. ಮೂಲನಿವಾಸಿಗಳಿಗೆ ಬೇಸಾಯ ಒಗ್ಗಲಿಲ್ಲ ಎಂಬ ಮಾತು ಎಲ್ಲಾದರೂ ಓದಲು ಸಿಕ್ಕರೆ ಈ ನೀತಿಯನ್ನು ನೆನಪಿಸಿಕೊಳ್ಳಿ.

ಇನ್ನು ಬೀಳು ಹೊಲದ ಮುಂದಿನ ಕಥೆ. ಹರಗಿ ಹರಗಿ ಬರಿದಾದ ಮಣ್ಣಿಗೆ ಹೊದಿಕೆ ಇಲ್ಲ. 1930ರ ದಶಕದ ಬರದಲ್ಲಿ ಗಾಳಿ ಅದನ್ನು ಮೋಡದಂತೆ ಎತ್ತಿಕೊಂಡು ಹೋಯಿತು. ಬರದಿಂದ ಕಾಪಾಡಿದ ಪದ್ಧತಿಯೇ ಮಣ್ಣನ್ನು ಕಳೆಯಿತು. ಕೂಡಿಟ್ಟ ನೀರಿನಲ್ಲೂ ಬಹುಪಾಲು ಆವಿಯಾಗುತ್ತಿತ್ತು ಎಂಬುದು ಆಮೇಲಿನ ಅಳತೆಗಳಿಂದ ತಿಳಿಯಿತು. ಗಾಳಿ ತಡೆಯಲು ಹೊಲದಂಚಿನಲ್ಲಿ ಮರಸಾಲು ಬೆಳೆಸುವ ಕೆಲಸಕ್ಕೂ ಇಂಡಿಯನ್ ಹೆಡ್ಡೇ ನೆಲೆ. ಅಲ್ಲಿನ ಸರ್ಕಾರಿ ಸಸಿಪಾಲನಾ ಕೇಂದ್ರದ ಯೋಜನೆ 1901ರಿಂದ 2013ರವರೆಗೆ 60 ಕೋಟಿಗೂ ಹೆಚ್ಚು ಸಸಿಗಳನ್ನು ರೈತರಿಗೆ ಹಂಚಿ ನಿಂತುಹೋಯಿತು.

1980ರ ದಶಕದ ನಂತರ ಉಳದೆಯೇ, ಹಿಂದಿನ ಬೆಳೆಯ ಕೂಳೆಯ ನಡುವೆ ಬಿತ್ತುವ ಪದ್ಧತಿ ಬಲಗೊಂಡಿತು. ಅದಕ್ಕೂ ಈ ಊರಿನ ಸಂಶೋಧನೆ ಆಸರೆಯಾಯಿತು. ಅಲ್ಲಿನ ಕೃಷಿ ವಿಜ್ಞಾನಿ ಗೀ ಲಫಾಂಡ್ ಅವರ ಹೆಸರನ್ನು ಇಲ್ಲಿ ಬರೆದಿಟ್ಟುಕೊಳ್ಳಿ. ಕೂಳೆ ಹಿಮವನ್ನು ಹಿಡಿಯುತ್ತದೆ, ಮಣ್ಣಿಗೆ ನೆರಳಾಗುತ್ತದೆ, ಆದ್ದರಿಂದ ತೇವಕ್ಕಾಗಿ ವರ್ಷಗಟ್ಟಲೆ ಹೊಲ ಖಾಲಿ ಬಿಡಬೇಕಿಲ್ಲ. ಬೀಳಿನ ಜಾಗಕ್ಕೆ ಕನೋಲಾ ಎಂಬ ಎಣ್ಣೆಕಾಳು, ಬಟಾಣಿ, ಪ್ರಾಂತ್ಯದ ಇನ್ನೂ ಒಣ ನೈಋತ್ಯ ಭಾಗದಲ್ಲಿ ನಮ್ಮ ಚನ್ನಂಗಿ ಬೇಳೆಯ ಗಿಡ ಬಂದವು. ಅಲ್ಲಿಂದ ಹೊರಟ ಬೇಳೆಯನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ದೇಶಗಳಲ್ಲಿ ಭಾರತವೂ ಒಂದು. 2017ರ ಕೊನೆಯಲ್ಲಿ ನಮ್ಮ ಸರ್ಕಾರ ಬಟಾಣಿಗೆ ಶೇಕಡ 50, ಚನ್ನಂಗಿಗೆ ಶೇಕಡ 30 ಆಮದು ಸುಂಕ ಹಾಕಿದಾಗ, ಸಸ್ಕಾಚೆವಾನಿನ ರೈತರು ಮುಂದಿನ ವಸಂತಕ್ಕೆ ಏನು ಬಿತ್ತಬೇಕೆಂದು ಮತ್ತೆ ಲೆಕ್ಕ ಹಾಕಬೇಕಾಯಿತು.