ಸೆಕೆಯ ವರ್ಷ, ಚಳಿಯ ವರ್ಷ: ಕಂಬೀಪುರದ ಮಾಲ್ಟ್ ವಿಸ್ಕಿಯ ಹಿನ್ನೆಲೆ

ಮಾಲ್ಟ್ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಾಗಿ. ಅಮ್ಮ ರಾತ್ರಿ ರಾಗಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಹಳೇ ಪಂಚೆಯ ಒದ್ದೆ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿಡುತ್ತಿದ್ದರು. ಎರಡು ದಿನಕ್ಕೆಲ್ಲ ಬಟ್ಟೆಯ ನೂಲಿನ ಸಂದಿಯಿಂದ ಬೆಳ್ಳನೆಯ ಮೊಳಕೆ ಇಣುಕುತ್ತಿತ್ತು. ಅದನ್ನು ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಕೊಂಡರೆ, ಆ ಹಿಟ್ಟಿನ ಗಂಜಿಗೆ ಬೆಲ್ಲ ಹಾಕದಿದ್ದರೂ ಒಂದು ಎಳೆ ಸಿಹಿ ಇರುತ್ತಿತ್ತು. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ ಬಂದ ಸಿಹಿ ಅದು. ಇದೇ ಕೆಲಸವನ್ನು ಬಾರ್ಲಿಯಿಂದ, ಅಂದರೆ ಜವೆಗೋಧಿಯಿಂದ, ಮಾಡಿಸಿದರೆ ಮಾಲ್ಟ್ ವಿಸ್ಕಿಯ ಮೊದಲ ಹೆಜ್ಜೆ ಇಟ್ಟಂತೆ.

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಕಂಬೀಪುರ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ಜಾಗದಲ್ಲಿರುವ ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಬರೀ ಬಾರ್ಲಿ ಮಾಲ್ಟಿನಿಂದ ತಯಾರಾದ ವಿಸ್ಕಿ, ಇವತ್ತು ದೇಶದೇಶಗಳ ಅಂಗಡಿಗಳಲ್ಲಿದೆ. ಅದು ಅಲ್ಲಿಗೆ ತಲುಪುವ ಮೊದಲು ಎರಡು ಪ್ರಶ್ನೆಗಳನ್ನು ದಾಟಬೇಕಾಯಿತು: ಭಾರತದಲ್ಲಿ ತಯಾರಾಗುವುದು ನಿಜಕ್ಕೂ ವಿಸ್ಕಿಯೇ? ಹೌದಾದರೆ, ಅದರ ವಯಸ್ಸನ್ನು ಅಳೆಯುವುದು ಹೇಗೆ?

ಮೊದಲ ಪ್ರಶ್ನೆಯ ಬೇರು ಕಾಕಂಬಿಯಲ್ಲಿದೆ. ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಅಮೃತ್ ಕಂಪನಿಯನ್ನು ಶುರು ಮಾಡಿದಾಗ ದೇಶ ಸ್ವತಂತ್ರವಾಗಿ ಒಂದು ವರ್ಷವಷ್ಟೇ ಆಗಿತ್ತು. ಊಟಕ್ಕೇ ಧಾನ್ಯ ಸಾಲದ ಕಾಲ. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿ ಮಾತ್ರ ಅಗ್ಗಕ್ಕೆ ಬೇಕಾದಷ್ಟು ಸಿಗುತ್ತಿತ್ತು. ಅದರಿಂದ ಮದ್ಯಸಾರ ತೆಗೆದು, ಬಣ್ಣ ಮತ್ತು ಪರಿಮಳ ಕೂಡಿಸಿ, ಸ್ವಲ್ಪ ಮಾಲ್ಟ್ ಬೆರೆಸಿ ವಿಸ್ಕಿ ಎಂದು ಮಾರುವುದು ಇಲ್ಲಿ ರೂಢಿಯಾಯಿತು. ಕಾನೂನೂ ಅದನ್ನು ಒಪ್ಪಿತು. ಯುರೋಪಿನಲ್ಲಿ ಹಾಗಲ್ಲ. ಧಾನ್ಯದಿಂದಲೇ ಬಟ್ಟಿ ಇಳಿಸಿರಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಇಲ್ಲದಿದ್ದರೆ ಅಲ್ಲಿ ಅದಕ್ಕೆ ವಿಸ್ಕಿ ಎಂಬ ಹೆಸರೇ ಇಲ್ಲ. ಕಾಕಂಬಿಯ ದಾರಿ ಹಿಡಿದವರನ್ನು ನಾನು ದೂರುವುದಿಲ್ಲ, ಹಸಿದ ದೇಶದಲ್ಲಿ ಕಾಳು ಉಳಿಸಿದ ದಾರಿ ಅದು. ಆದರೆ ಆ ಅಭ್ಯಾಸದಿಂದ ಅಂಟಿದ ಹೆಸರು ಮಾತ್ರ ಮುಂದೆ ಒಳ್ಳೆಯ ಬಾರ್ಲಿಯಿಂದ ತಯಾರಿಸಿದವರ ಬೆನ್ನನ್ನೂ ಬಿಡಲಿಲ್ಲ.

ಭಾರತಕ್ಕೆ ಮಾಲ್ಟ್ ಹೊಸದೇನಲ್ಲ. 19ನೇ ಶತಮಾನದಲ್ಲೇ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಎಡ್ವರ್ಡ್ ಡೈಯರ್ ಬ್ರೂವರಿ ಕಟ್ಟಿದ್ದ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಜನರಲ್ ಡೈಯರ್ ಈತನ ಮಗ. ಸ್ಕಾಟ್ಲೆಂಡಿನ ಹಾಗೆ ತಂಪಾಗಿರುವ ಜಾಗವನ್ನೇ ಬ್ರಿಟಿಷರು ಹುಡುಕಿದ್ದರು. ಬಯಲುಸೀಮೆಯ ಸೆಕೆಯಲ್ಲಿ ಮಾಲ್ಟ್ ಮಾಗಿಸಬಹುದು ಎಂದು ನಂಬುವುದಕ್ಕೆ ಬೇರೆಯೇ ಧೈರ್ಯ ಬೇಕಿತ್ತು.

ಅಮೃತ್‌ನಲ್ಲಿ ಬ್ರಾಂದಿ, ರಮ್ಮುಗಳೇ ಬಹುಕಾಲ ಹೊಟ್ಟೆ ತುಂಬಿಸಿದವು. ಸೇನೆಯ ಕ್ಯಾಂಟೀನುಗಳಿಗೂ ಅಲ್ಲಿಂದ ರಮ್ ಹೋಗುತ್ತಿತ್ತು. ಸ್ಥಾಪಕರ ಮಗ ನೀಲಕಂಠ ರಾವ್ ಜಗದಾಳೆ 1980ರ ದಶಕದಲ್ಲಿ ಬಾರ್ಲಿಯತ್ತ ತಿರುಗಿದರು. ಪಂಜಾಬ್, ಹರಿಯಾಣ, ರಾಜಸ್ಥಾನದ ಬಾರ್ಲಿಯಿಂದ ತೆಗೆದ ಮಾಲ್ಟ್ ಮದ್ಯವನ್ನು ಕಬ್ಬಿನ ಮದ್ಯಸಾರದ ಜೊತೆ ಬೆರೆಸಿ 1986ರಲ್ಲಿ ‘ಮ್ಯಾಕಿಂಟಾಷ್’ ಎಂಬ ವಿಸ್ಕಿಯನ್ನು ಮಾರುಕಟ್ಟೆಗೆ ಬಿಟ್ಟರು. ಆಗಿನ ಗಿರಾಕಿಯ ನಾಲಿಗೆಗೆ ಹೆಚ್ಚು ಮಾಲ್ಟ್ ಒಗ್ಗುತ್ತಿರಲಿಲ್ಲ. ಬಳಸದೆ ಉಳಿದ ಮಾಲ್ಟ್ ಪೀಪಾಯಿಗಳಲ್ಲೇ ಕುಳಿತಿತು. ಹಾಗೆ ಕುಳಿತದ್ದೇ ಮುಂದಿನ ಕತೆಗೆ ಕಾರಣ.

ತಯಾರಿಕೆಯ ಮೊದಲರ್ಧ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು ಬಿಸಿನೀರಿನಲ್ಲಿ ಕಲಸಿದಾಗ ಸಿಹಿನೀರು ಇಳಿಯುತ್ತದೆ. ಅದಕ್ಕೆ ಯೀಸ್ಟ್ ಹಾಕಿ ಹುದುಗಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ತಾಮ್ರ ಇಲ್ಲಿ ಬರೀ ಪಾತ್ರೆಯಲ್ಲ, ಹುದುಗಿನಿಂದ ಬಂದ ಗಂಧಕದ ವಾಸನೆಯನ್ನು ಅದು ಹೀರಿ ತೆಗೆಯುತ್ತದೆ. ಎರಡನೇ ಬಟ್ಟಿಯಲ್ಲಿ ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ಬೇರೆ ಮಾಡಿ, ನಡುವಿನ ಪಾಲನ್ನಷ್ಟೇ ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಆಗ ಅದು ನೀರಿನಷ್ಟೇ ತಿಳಿ. ಬಣ್ಣ, ವೆನಿಲ್ಲಾದ ಪರಿಮಳ, ಒಗರು ಎಲ್ಲ ಆಮೇಲೆ ಮರ ಕೊಡುವಂಥವು.

ಬೆಂಗಳೂರು ಬೇರೆಯಾಗುವುದು ಪೀಪಾಯಿಯ ಒಳಗೆ. ಹಗಲಿನ ಬಿಸಿಗೆ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಂಪಾದಾಗ ಕುಗ್ಗಿ, ಮರದ ಸತ್ವವನ್ನು ಹೊತ್ತು ಹೊರಬರುತ್ತದೆ. ಚಳಿನಾಡಿನಲ್ಲಿ ಈ ಉಸಿರಾಟ ನಿಧಾನ, ಇಲ್ಲಿ ಚುರುಕು. ಮದ್ಯ ಆವಿಯಾಗುವುದೂ ಹಾಗೆಯೇ. ಹೀಗೆ ಹಾರಿಹೋಗುವುದನ್ನು ಆ ಕಸುಬಿನವರು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ 2, ಕಂಬೀಪುರದಲ್ಲಿ ಶೇ 10ರಿಂದ 12.

200 ಲೀಟರಿನ ಒಂದು ಪೀಪಾಯಿ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಶೇ 2 ಹೋದರೆ 12 ವರ್ಷದ ಕೊನೆಗೆ ಸುಮಾರು 157 ಲೀಟರ್ ಉಳಿಯುತ್ತದೆ. ಶೇ 11 ಹೋದರೆ ಉಳಿಯುವುದು 50 ಲೀಟರಿಗೂ ಕಡಿಮೆ. 5 ವರ್ಷಕ್ಕೇ 112ಕ್ಕೆ ಇಳಿದಿರುತ್ತದೆ. ಸ್ಕಾಚ್ ಬಾಟಲಿಯ ಮೇಲೆ ಗತ್ತಿನಿಂದ ಕೂರುವ 12, 18 ಎಂಬ ಅಂಕಿಗಳ ಹಿಂದೆ ಆ ಊರಿನ ಚಳಿಯ ಪಾಲು ದೊಡ್ಡದು. ಇಲ್ಲಿ ಅಷ್ಟು ವರ್ಷ ಕಾದರೆ ಪೀಪಾಯಿ ಬರಿದಾಗುತ್ತದೆ, ಉಳಿದದ್ದರಲ್ಲಿ ಮರದ ಒಗರೇ ಮುಂದಾಗುವ ಅಪಾಯ. ಇಲ್ಲಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ ಎಂದು ಅಮೃತ್‌ನಲ್ಲಿ ವಿಸ್ಕಿಯ ಹದ ಮತ್ತು ಬೆರಕೆ ನೋಡಿಕೊಳ್ಳುವ ಮಾಸ್ಟರ್ ಬ್ಲೆಂಡರ್ ಆಗಿದ್ದ ಸುರಿಂದರ್ ಕುಮಾರ್ ಹೇಳುತ್ತಿದ್ದರು. ಹಾಗಾಗಿ ಅಮೃತ್ ಮಾಲ್ಟ್ ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೇ ಬಾಟಲಿಗೆ ಇಳಿಯುತ್ತದೆ, ವಯಸ್ಸನ್ನು ನಮೂದಿಸದೆ.

ಪರೀಕ್ಷೆಗೆ ಇವರು ಆರಿಸಿಕೊಂಡದ್ದು ವಿಸ್ಕಿಯ ತವರನ್ನೇ. ನೀಲಕಂಠ ರಾವ್ ಅವರ ಮಗ ರಕ್ಷಿತ್ ಆಗ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಎಂಬಿಎ ಓದುತ್ತಿದ್ದರು. ಭಾರತದ ಸಿಂಗಲ್ ಮಾಲ್ಟ್ ಬ್ರಿಟನ್ನಿನಲ್ಲಿ ನಡೆದೀತೆ ಎಂಬುದೇ ಅವರ ಪ್ರಬಂಧದ ವಿಷಯವಾಯಿತು. ಹೆಸರು ಹೇಳದೆ ರುಚಿ ನೋಡಲು ಕೊಟ್ಟಾಗ ಕುಡಿದವರು ಇದನ್ನು ಹಳೆಯ ಸ್ಕಾಚ್ ಎಂದೇ ಬಗೆದಿದ್ದರು. 2004ರ ಆಗಸ್ಟ್ 24ರಂದು ಗ್ಲಾಸ್ಗೋ ನಗರದ ‘ಕೆಫೆ ಇಂಡಿಯಾ’ ರೆಸ್ಟೋರೆಂಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಹೆಸರು ಮುಚ್ಚಿಟ್ಟಾಗ ಸಿಕ್ಕ ಮೆಚ್ಚುಗೆ ಹೆಸರು ಹೇಳಿದ ಮೇಲೆ ಅಷ್ಟು ಸುಲಭವಾಗಿ ಸಿಗಲಿಲ್ಲ. ಹಲವು ವರ್ಷ ಅಂಗಡಿ, ಬಾರುಗಳ ಬಾಗಿಲು ತಟ್ಟುವುದೇ ಕೆಲಸವಾಯಿತು.

ವಿಸ್ಕಿ ವಿಮರ್ಶಕ ಜಿಮ್ ಮರ್ರೆ 2005ರಲ್ಲಿ ಇದಕ್ಕೆ ನೂರಕ್ಕೆ 82 ಅಂಕ ಕೊಟ್ಟರು. ದಾರಿ ತೆರೆದದ್ದು ಅಮೃತ್‌ನದೇ ಇನ್ನೊಂದು ಸಿಂಗಲ್ ಮಾಲ್ಟ್, ‘ಫ್ಯೂಷನ್’. ನಾಲ್ಕನೇ ಮೂರು ಪಾಲು ನಮ್ಮ ಬಾರ್ಲಿ, ಉಳಿದ ಪಾಲು ಸ್ಕಾಟ್ಲೆಂಡಿನಿಂದ ತರಿಸಿದ, ಜೌಗುನೆಲದ ಪೀಟ್ ಹೆಂಟೆ ಉರಿಸಿ ಹೊಗೆಯಾಡಿಸಿದ ಬಾರ್ಲಿ. 2010ರ ತಮ್ಮ ಪಟ್ಟಿಯಲ್ಲಿ ಮರ್ರೆ ಇದಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದರು. ಅಮೃತ್ ಸಿಂಗಲ್ ಮಾಲ್ಟ್ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದದ್ದೂ ಅದೇ 2010ರಲ್ಲಿ, ಗ್ಲಾಸ್ಗೋ ನೋಡಿ ಆರು ವರ್ಷದ ಮೇಲೆ. ಊರ ಪದಾರ್ಥಕ್ಕೆ ಊರಲ್ಲೇ ಜಾಗ ಸಿಗಲು ಇಷ್ಟು ಸುತ್ತಬೇಕಾಯಿತಲ್ಲ ಎಂಬುದು ನನಗೆ ಈಗಲೂ ನೋಯುವ ಸಂಗತಿ. ಫಾರಿನ್ನಿಂದ ಬರುವ ನೆಂಟರ ಕೈಲಿ ಸ್ಕಾಚ್ ತರಿಸುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ಮನೆಗಳು ಆಗ ನಮ್ಮಲ್ಲಿ ಬೇಕಾದಷ್ಟಿದ್ದವು. ಅಷ್ಟರಲ್ಲಿ ದಾರಿ ಸವೆದಿತ್ತು. 2012ರಲ್ಲಿ ಪಾಲ್ ಜಾನ್ ಸಿಂಗಲ್ ಮಾಲ್ಟ್ ಬಂತು. ಅದರ ಕಂಪನಿ ಬೆಂಗಳೂರಿನದು, ಭಟ್ಟಿ ಗೋವಾದಲ್ಲಿ.

ವಯಸ್ಸಿನ ಪ್ರಶ್ನೆ ಈಚೆಗೆ ಮತ್ತೆ ಮೇಲೆದ್ದದ್ದು ವ್ಯಾಪಾರ ಮಾತುಕತೆಯಲ್ಲಿ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಆಮದು ಸುಂಕ ಶೇ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಹಾಗಾದರೆ ಬಿಸಿಲುನಾಡಿನ ವಿಸ್ಕಿಗೆ 3 ವರ್ಷದ ಕಟ್ಟಳೆ ಸಡಿಲಿಸಿ ಎಂಬುದು ನಮ್ಮ ತಯಾರಕರ ಬೇಡಿಕೆ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ಹುರುಳಿದೆ. ಆದರೂ ಕಾಕಂಬಿಯ ಮದ್ಯಸಾರಕ್ಕೆ ಸೆಕೆಯ ನೆಪ ಕೊಡುವುದನ್ನು ನಾನು ಒಪ್ಪಲಾರೆ. ನಾಲ್ಕೈದು ವರ್ಷ ಕಾದು ಬಾರ್ಲಿಯ ಮಾಲ್ಟ್ ಮಾಡುವವರಿಗೆ 3 ವರ್ಷದ ನಿಯಮ ಅಡ್ಡಿಯೇ ಅಲ್ಲ. ಅವರಿಗೆ ಅಡ್ಡಿಯಾದದ್ದು ಬಾಟಲಿಯ ಮೇಲೆ 12 ಇಲ್ಲದಿದ್ದರೆ ಕೈಗೆತ್ತಿಕೊಳ್ಳದ ಗಿರಾಕಿ.

ನೀಲಕಂಠ ರಾವ್ 2019ರಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲು ಅಮೃತ್ 8 ವರ್ಷ ಮಾಗಿಸಿದ ಒಂದು ವಿಸ್ಕಿಯನ್ನು ಹೊರತಂದಿತ್ತು. ಪೀಪಾಯಿಗೆ ತುಂಬಿದ್ದರಲ್ಲಿ ಮುಕ್ಕಾಲು ಪಾಲು ಅಷ್ಟರಲ್ಲಿ ಗಾಳಿಗೆ ಸೇರಿಹೋಗಿತ್ತು. ಉಳಿದದ್ದು 144 ಬಾಟಲಿಗೆ ಸಾಕಾಯಿತು. ಅದಕ್ಕೆ ಇಟ್ಟ ಹೆಸರು ‘ಗ್ರೀಡಿ ಏಂಜೆಲ್ಸ್’, ಆಸೆಬುರುಕ ದೇವತೆಗಳು.