ಕಣ್ಣಿನ ಕೆಳಗೆ ಬಾವು, ತಪ್ಪು ಹಲ್ಲಿನದು

ನಮ್ಮ ಮನೆಯ ಪಮೇರಿಯನ್ ನಾಯಿ ಪಿಂಕಿಗೆ ಆಗ ಎಂಟು ವರ್ಷ. ಒಂದು ಬೆಳಿಗ್ಗೆ ನೋಡಿದರೆ ಬಲಗಣ್ಣಿನ ಕೆಳಗೆ ಗೋಲಿ ಗಾತ್ರಕ್ಕೆ ಊದಿಕೊಂಡಿತ್ತು. ಕಣಜ ಕಚ್ಚಿರಬೇಕು ಅಂತ ಅಮ್ಮ ಅರಿಶಿನ ಹಚ್ಚಿದರು. ಸಂಜೆಯಾದರೂ ಇಳಿಯಲಿಲ್ಲ.

ಪಶುವೈದ್ಯರು ಕಣ್ಣನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಸೀದಾ ತುಟಿ ಎತ್ತಿದರು. ಮೇಲ್ದವಡೆಯ ದೊಡ್ಡ ಹಲ್ಲು ಇರಬೇಕಾದ ಕಡೆ ಕಂದು ಬಣ್ಣದ ಗಾರೆ ಮೆತ್ತಿದ ಹಾಗಿತ್ತು. ವಸಡು ಕೆಂಪಗೆ, ಮುಟ್ಟಿದರೆ ರಕ್ತ. ಈ ಹಲ್ಲಿನ ಬೇರು ಮುಗಿಯುವುದೇ ಕಣ್ಣಿನ ಕೆಳಗೆ. ಅಲ್ಲಿ ಕಟ್ಟಿದ ಕೀವು ಮುಖದಲ್ಲಿ ಊದಿಕೊಂಡು ಕಾಣುತ್ತಿತ್ತು. 'ನಾಯಿ ಬಾಯಿ ಅಂದ್ಮೇಲೆ ನಾತ ಇದ್ದದ್ದೇ' ಅಂತ ಎರಡು ವರ್ಷ ಸುಮ್ನಿದ್ದವರು ನಾವು. ಆ ನಾತ ವಸಡಿನ ಸಂದಿಯಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾಗಳು ಬಿಡುವ ಗಂಧಕದ ಅನಿಲಗಳದ್ದು. ಕಾಯಿಲೆ ಅಷ್ಟು ದಿನವೂ ಕೂಗಿ ಹೇಳುತ್ತಲೇ ಇತ್ತು, ಅಲ್ವಾ?

ನಮಗೆ 32 ಹಲ್ಲಾದರೆ ಬೆಳೆದ ನಾಯಿಗೆ 42. ಆದರೆ ನಮ್ಮಂತೆ ಅವುಗಳ ಹಲ್ಲು ಹುಳುಕಾಗುವುದು ಕಡಿಮೆ. ಹಲ್ಲನ್ನು ತಿನ್ನುವುದು ಆಮ್ಲ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರ, ಹಾಗಾಗಿ ಆಮ್ಲ ಅಲ್ಲಿ ನಿಲ್ಲುವುದಿಲ್ಲ. ಪೇಚು ಏನೆಂದರೆ, ಕ್ಷಾರ ಜಾಸ್ತಿ ಇದ್ದಷ್ಟೂ ಜೊಲ್ಲಿನ ಕ್ಯಾಲ್ಸಿಯಂ ಬೇಗ ಗಟ್ಟಿಯಾಗಿ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಮೊದಲು ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ಅಂಟು ಪಾಚಿ ಕೂರುತ್ತದೆ. ಇದಕ್ಕೆ ಕೆಲವು ಗಂಟೆ ಸಾಕು. ಒರೆಸಿದರೆ ಹೋಗುತ್ತದೆ. ಬಿಟ್ಟರೆ ಎರಡು ಮೂರು ದಿನದಲ್ಲಿ ಕಲ್ಲಾಗಲು ಶುರುವಾಗುತ್ತದೆ, ಆಮೇಲೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಆ ಒರಟು ಕಲ್ಲಿನ ಮೇಲೆ ಮತ್ತೆ ಪಾಚಿ. ಬ್ಯಾಕ್ಟೀರಿಯಾ ವಸಡಿನ ಕೆಳಗಿಳಿದಾಗ ದೇಹ ಅವುಗಳ ಜೊತೆ ಜಗಳಕ್ಕೆ ಬೀಳುತ್ತದೆ, ಆ ಜಗಳದಲ್ಲಿ ಹಲ್ಲು ಹಿಡಿದಿರುವ ಮೂಳೆಯೇ ಕರಗುತ್ತದೆ. ಪಿಂಕಿಗೆ ಅದೇ ಹಲ್ಲು ಕೆಟ್ಟದ್ದು ಕಾಕತಾಳೀಯ ಏನಲ್ಲ. ಜೊಲ್ಲಿನ ದೊಡ್ಡ ನಾಳವೊಂದು ತೆರೆಯುವುದು ಅದರ ಪಕ್ಕದಲ್ಲೇ. ಸಣ್ಣ ಜಾತಿಯ ನಾಯಿಗಳಿಗೆ ಪಾಡು ಇನ್ನೂ ಹೆಚ್ಚು. ಅಂಗೈಯಷ್ಟು ಮುಖದಲ್ಲೂ ಅದೇ 42 ಹಲ್ಲು ಒತ್ತಿಕೊಂಡು ಕೂರಬೇಕು.

ಅರಿವಳಿಕೆ ಕೊಟ್ಟು ಆ ಹಲ್ಲನ್ನು ತೆಗೆದರು. ಅದಕ್ಕೆ ಮೂರು ಬೇರು, ಹಾಗಾಗಿ ಸೀಳಿ ತುಂಡು ತುಂಡಾಗಿ ತೆಗೆಯಬೇಕಾಯಿತು. ಉಳಿದವಕ್ಕೂ ಆಗಲೇ ಸ್ಕೇಲಿಂಗ್ ಮಾಡಿದರು, ಅಂದರೆ ಕಟ್ಟಿದ ಕಲ್ಲನ್ನು ಕೆರೆದು ತೆಗೆದರು. ಅರಿವಳಿಕೆ ಇಲ್ಲದೆ ಮಾಡಿಸಿದರೆ ಹಲ್ಲು ಬೆಳ್ಳಗಾಗುತ್ತದೆ ನಿಜ, ಆದರೆ ವಸಡಿನ ಕೆಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ನನ್ನ ಪ್ರಕಾರ ಅದು ದುಡ್ಡು ದಂಡ.

ಈಗ ದಿನಾ ರಾತ್ರಿ ಬ್ರಷ್. ಮೊದಲ ವಾರ ಬರೀ ಬೆರಳಿಗೆ ನಾಯಿಗಳ ಪೇಸ್ಟ್ ಹಚ್ಚಿ ನೆಕ್ಕಿಸಿದೆ. ಆಮೇಲೆ ಅದೇ ಬೆರಳಲ್ಲಿ ವಸಡು ಸವರಿದೆ. ಬ್ರಷ್ ಬಂದದ್ದು ಮೂರನೇ ವಾರ. ಬಾಯಿ ಅಗಲಿಸಬೇಕಾಗಿಲ್ಲ. ತುಟಿ ಸ್ವಲ್ಪ ಎತ್ತಿ, ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಹೊರಮೈ ತಿಕ್ಕಿದರೆ ಸಾಕು. ಒಳಗಿನದನ್ನು ನಾಲಿಗೆಯೇ ಬಹುಪಾಲು ನೋಡಿಕೊಳ್ಳುತ್ತದೆ.

ನಮ್ಮ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡ್ ಎಲ್ಲ ಹೊಟ್ಟೆಗೇ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಇನ್ನೂ ಅಪಾಯ. ನಾಯಿಯಲ್ಲಿ ಅದು ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ. ಪ್ರಾಣವೇ ಹೋಗಬಹುದು.

'ಮೂಳೆ ಹಾಕಿ, ಹಲ್ಲು ತಾನೇ ಕ್ಲೀನ್ ಆಗುತ್ತೆ' ಅನ್ನುವವರು ಬಹಳ. ಗಟ್ಟಿ ಮೂಳೆ ಕಡಿದು ಇದೇ ದೊಡ್ಡ ಹಲ್ಲಿನ ಚಕ್ಕೆ ಹಾರುವುದುಂಟು. ಅಗಿಯಲು ಏನೇ ಕೊಡುವ ಮೊದಲು ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ನಾಯಿಯ ಹಲ್ಲಿಗೆ ಅತಿ ಗಟ್ಟಿ.

ಪಿಂಕಿಯ ಎಡಗಡೆಯ ಅಂಥದೇ ದೊಡ್ಡ ಹಲ್ಲು ಇನ್ನೂ ಇದೆ. ರಾತ್ರಿ ಒಂಬತ್ತಾದರೆ ತಾನೇ ಬಂದು ಬಚ್ಚಲುಮನೆ ಬಾಗಿಲಲ್ಲಿ ಕೂರುತ್ತಾಳೆ, ಕೋಳಿ ರುಚಿಯ ಪೇಸ್ಟಿನ ಆಸೆಗೆ.