ಹಳೆಯ ಕಾರಿನ ಪವರ್ ವಿಂಡೋ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಿಟಕಿಯ ಗ್ಲಾಸನ್ನು ಏರಿಳಿಸುವ ಮೋಟರಿನ ಕರೆಂಟು ನೇರವಾಗಿ ಸ್ವಿಚ್ಚಿನ ಮೂಲಕವೇ ಹರಿಯುವ ಹಳೆಯ ಕಾರುಗಳನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಈ ಟಿಪ್ಪಣಿಯನ್ನು ಬರೆದಿದ್ದೇನೆ. ನಡುವೆ ಕಂಪ್ಯೂಟರ್ ಮಾಡ್ಯೂಲ್ ಇರುವ ಹೊಸ ಕಾರುಗಳಿಗೆ ಇದು ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಗ್ಲಾಸ್ ಏರದಿದ್ದರೆ ನಾವೆಲ್ಲ ಮೊದಲು ಶಂಕಿಸುವುದು ಮೋಟರನ್ನೇ. ಕಲಿಯಲು ಆರಂಭಿಸಿದ ದಿನಗಳಲ್ಲಿ ನಾನೂ ಹಾಗೆಯೇ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿ, ಆ ಗಡಿಬಿಡಿಯಲ್ಲಿ ಎರಡು ಕ್ಲಿಪ್ಪುಗಳನ್ನೂ ಮುರಿದು, ಹೊರತೆಗೆದ ಮೋಟರಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟಾಗ ಅದು ಸಲೀಸಾಗಿ ತಿರುಗಿತು. ದೋಷವಿದ್ದದ್ದು ಚಾಲಕನ ಬಾಗಿಲಿನ ಸ್ವಿಚ್ಚಿನಲ್ಲಿ.

ಮೊದಲು ಕರೆಂಟಿನ ದಾರಿಯನ್ನು ತಿಳಿಯೋಣ. 12 ವೋಲ್ಟಿನ ಈ ಡಿಸಿ ಮೋಟರಿಗೆ ಮುಖ್ಯವಾಗಿ ಎರಡೇ ವೈರುಗಳು. ಸ್ವಿಚ್ಚನ್ನು ಮುಟ್ಟದಿರುವಾಗ ಇವೆರಡೂ ಸಾಮಾನ್ಯವಾಗಿ ಬ್ಯಾಟರಿಯ ನೆಗೆಟಿವ್ ತುದಿಗೆ ಜೋಡಿಸಿರುವ ಕಾರಿನ ಬಾಡಿಗೆ, ಅಂದರೆ ಅರ್ಥ್‌ಗೆ ಸೇರಿಕೊಂಡಿರುತ್ತವೆ. ಮೇಲಕ್ಕೆ ಒತ್ತಿದಾಗ ಒಂದು ವೈರು, ಕೆಳಕ್ಕೆ ಒತ್ತಿದಾಗ ಇನ್ನೊಂದು ವೈರು ಪಾಸಿಟಿವ್‌ಗೆ ಸೇರುತ್ತದೆ. ಉಳಿದ ವೈರು ಅರ್ಥ್‌ನಲ್ಲೇ ಉಳಿದು ಕರೆಂಟು ಮರಳುವ ದಾರಿಯಾಗುತ್ತದೆ. ಅನೇಕ ಕಾರುಗಳಲ್ಲಿ ಉಳಿದ ಬಾಗಿಲುಗಳ ಈ ಮರಳುದಾರಿಯೂ ಚಾಲಕನ ಮಾಸ್ಟರ್ ಸ್ವಿಚ್ಚಿನೊಳಗಿಂದಲೇ ಹಾದುಹೋಗುವುದರಿಂದ, ಹಿಂದಿನ ಬಾಗಿಲಿನ ಗ್ಲಾಸ್ ತನ್ನದೇ ಸ್ವಿಚ್ಚಿಗೆ ಓಗೊಡದಿದ್ದರೂ ತಪ್ಪು ಮುಂದಿನ ಬಾಗಿಲಿನಲ್ಲಿರಬಹುದು. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಒಳ್ಳೆಯ ಮೋಟರುಗಳು ಗುಜರಿ ಸೇರಿವೆ ಎಂಬುದು ನನ್ನ ಗುಮಾನಿ.

ಬಿಚ್ಚುವ ಮೊದಲು ಕಿವಿಗೆ ಕೆಲಸ ಕೊಡಬೇಕು. ಯಾವ ಗ್ಲಾಸೂ ಚಲಿಸದಿದ್ದರೆ ಫ್ಯೂಸನ್ನು ನೋಡಬೇಕು. ಮೋಟರು ತಿರುಗುವ ಸದ್ದು ಬಂದರೂ ಗ್ಲಾಸ್ ಕದಲದಿದ್ದರೆ ರೆಗ್ಯುಲೇಟರಿನ (ಮೋಟರಿನ ತಿರುಗಾಟದಿಂದ ಗ್ಲಾಸನ್ನು ಏರಿಳಿಸುವ ಭಾಗ) ಕೇಬಲ್ ಹರಿದಿರಬಹುದು, ಇಲ್ಲವೇ ಗ್ಲಾಸನ್ನು ಹಿಡಿದಿರುವ ಪ್ಲಾಸ್ಟಿಕ್ ಭಾಗ ಒಡೆದಿರಬಹುದು. ಗ್ಲಾಸ್ ಚೆನ್ನಾಗಿ ಇಳಿದು, ಏರಿಸುವಾಗ ಮಾತ್ರ ಒಂದಿಷ್ಟೂ ಸದ್ದಿಲ್ಲದಿದ್ದರೆ ಸ್ವಿಚ್ಚಿನ ಒಂದು ಬದಿಯ ಕಾಂಟ್ಯಾಕ್ಟನ್ನು (ಒತ್ತಿದಾಗ ಕರೆಂಟಿನ ದಾರಿಯನ್ನು ಕೂಡಿಸುವ ಲೋಹದ ತುದಿ) ಶಂಕಿಸುವುದು ನ್ಯಾಯ, ಏಕೆಂದರೆ ಎರಡೂ ದಿಕ್ಕಿಗೆ ತಿರುಗುವುದು ಅದೇ ಮೋಟರು. ಸದ್ದೇ ಇಲ್ಲದಿದ್ದರೂ ಒತ್ತಿದ ಕ್ಷಣ ಒಳಗಿನ ದೀಪ ಮಂಕಾದರೆ ಮೋಟರಿಗೆ ಕರೆಂಟು ಹರಿಯುತ್ತಿದೆ, ಆದರೆ ಮೋಟರೋ ಗ್ಲಾಸೋ ಬಿಗಿಯಾಗಿ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು.

ಮಲ್ಟಿಮೀಟರಿನ ಬಳಕೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೋಟರಿನ ಕನೆಕ್ಟರನ್ನು ಬಿಚ್ಚಿ ಅಳೆದರೆ, ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕರಕಲಾಗಿದ್ದರೂ 12 ವೋಲ್ಟ್ ಕಾಣಿಸಬಹುದು. ಮೀಟರು ಎಳೆಯುವ ಕರೆಂಟು ತೀರ ಅಲ್ಪವಾದ್ದರಿಂದ ಕೆಟ್ಟ ಕಾಂಟ್ಯಾಕ್ಟು ಅದಕ್ಕೆ ಅಡ್ಡಿಯಾಗುವುದೇ ಇಲ್ಲ. ಆದ್ದರಿಂದ ಕನೆಕ್ಟರನ್ನು ಜೋಡಿಸಿಯೇ, ಸ್ವಿಚ್ಚನ್ನು ಒತ್ತಿಹಿಡಿದು, ಮೋಟರಿನ ಎರಡು ವೈರುಗಳ ನಡುವೆ ಅಳೆಯಬೇಕು. ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದು ಮೋಟರಿಗೆ 9 ವೋಲ್ಟ್ ಮಾತ್ರ ತಲುಪುತ್ತಿದೆ ಎಂದುಕೊಳ್ಳೋಣ. ಹರಿಯುವ ಕರೆಂಟು 6 ಆಂಪಿಯರ್ ಆದರೆ, ದಾರಿಯಲ್ಲಿ ಕಳೆದುಹೋದ 3.6 ವೋಲ್ಟಿನ ಹಿಂದೆ 0.6 ಓಮ್ ರೋಧವಿದೆ, ಮತ್ತು ಅಲ್ಲಿ ಸುಮಾರು 22 ವಾಟ್ ಶಾಖ ಹುಟ್ಟುತ್ತಿದೆ. ಆ ರೋಧ ಸ್ವಿಚ್ಚಿನಲ್ಲೇ ಇದ್ದರೆ, ಅದರ ಪ್ಲಾಸ್ಟಿಕ್ ಕರಗುವುದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದದ್ದು. ಮೀಟರಿನ ಕಪ್ಪು ತುದಿಯನ್ನು ಕಾರಿನ ಬಾಡಿಗೆ ಇಟ್ಟು, ಸ್ವಿಚ್ ಒತ್ತಿಕೊಂಡೇ ಮೋಟರಿನ ಎರಡೂ ವೈರುಗಳನ್ನು ಒಂದಾದ ಮೇಲೊಂದರಂತೆ ಅಳೆದಾಗ, ಎರಡರಲ್ಲೂ 12 ವೋಲ್ಟ್ ಬಂದರೆ ಕರೆಂಟು ಮೋಟರಿನ ಸುರುಳಿಯನ್ನು ದಾಟಿ ಬಂದಿದೆ, ಆದರೆ ಮುಂದೆ ಅರ್ಥ್‌ಗೆ ದಾರಿಯಿಲ್ಲ ಎಂದು ಅರ್ಥ. ಒಂದೂ ಭಾಗವನ್ನು ಬದಲಿಸದೆ ಮೋಟರಿನ ಸುರುಳಿ ತುಂಡಾಗಿಲ್ಲವೆಂಬುದು ಹೀಗೆ ರುಜುವಾತಾಗುತ್ತದೆ. ಆಗ ಮಾಸ್ಟರ್ ಸ್ವಿಚ್ಚನ್ನೂ, ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯೊಳಗಿನ ವೈರುಗಳನ್ನೂ ಪರೀಕ್ಷಿಸಬೇಕು. ಬಾಗಿಲು ತೆರೆದಾಗಲೆಲ್ಲ ಮಡಚಿಕೊಳ್ಳುವ ಈ ವೈರುಗಳೊಳಗಿನ ತಾಮ್ರದ ಎಳೆಗಳು ಮೇಲಿನ ಹೊದಿಕೆ ಹರಿಯದೆಯೂ ತುಂಡಾಗಿರುತ್ತವೆ.

ನಾಲ್ಕಾರು ಬಾರಿ ಏರಿಳಿದು ನಿಂತು, ಸ್ವಲ್ಪ ಹೊತ್ತಿನ ನಂತರ ತಾನಾಗಿ ಸರಿಯಾಗುವ ಗ್ಲಾಸಿನ ಕಥೆ ಬೇರೆ. ಮೋಟರು ಬಿಸಿಯಾದಾಗ ಒಳಗಿನ ರಕ್ಷಣಾ ಸಾಧನ ಕರೆಂಟನ್ನು ತಡೆಯುತ್ತದೆ, ತಣಿದ ಮೇಲೆ ಮತ್ತೆ ಬಿಡುತ್ತದೆ. ಬಿಸಿಯಾಗಲು ಕಾರಣ ಹಲವು ಬಾರಿ ಗ್ಲಾಸಿನ ಅಂಚು ಜಾರುವ, ಒಣಗಿ ಗಡಸಾದ ರಬ್ಬರ್ ಬೀಡಿಂಗ್. ಅದನ್ನು ಒರೆಸಿ ಸಿಲಿಕೋನ್ ಸ್ಪ್ರೇ ಹಾಕಬೇಕೇ ಹೊರತು ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಬಾರದು, ಅವುಗಳಿಂದ ರಬ್ಬರ್ ಉಬ್ಬಿ ಇನ್ನಷ್ಟು ಕೆಡುತ್ತದೆ.

ರೆಗ್ಯುಲೇಟರ್ ಬಿಚ್ಚಲೇಬೇಕಾದಾಗ ಗ್ಲಾಸನ್ನು ಮೇಲಕ್ಕೆತ್ತಿ ಬಾಗಿಲಿನ ಚೌಕಟ್ಟಿಗೆ ಅಗಲ ಟೇಪಿನಿಂದ ಬಿಗಿಯಬೇಕು, ಬೆರಳುಗಳು ಒಳಗಿರುವಾಗ ಸ್ವಿಚ್ಚಿನ ಬಳಿ ಯಾರೂ ಕೂರಬಾರದು. ಡೋರ್ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಕೆಲವರು ಹರಿದು ಬಿಸಾಡುತ್ತಾರೆ. ಮಳೆಯಲ್ಲಿ ಗ್ಲಾಸಿನ ಮೇಲಿಂದ ಜಾರಿ ಬಾಗಿಲಿನೊಳಗೆ ಇಳಿಯುವ ನೀರನ್ನು ಕೆಳಗಿನ ರಂಧ್ರಗಳತ್ತ ತಿರುಗಿಸುವುದು ಅದೇ ಹಾಳೆಯಾದ್ದರಿಂದ, ಅದನ್ನು ಮತ್ತೆ ಅಂಟಿಸಿ, ಗ್ಲಾಸನ್ನು ಎರಡು ಬಾರಿ ಪೂರ್ತಿ ಏರಿಳಿಸಿ ನೋಡಿದ ಮೇಲೆಯೇ ಪ್ಯಾಡನ್ನು ಕೂರಿಸಬೇಕು.